‘ಇಲ್ರೀ’ಯ ‘ರೀ’ ಇಂಗ್ಲಿಷಿನಲ್ಲಿ ಎಲ್ಲಿದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದು, ವಾರಕ್ಕೆ ಎರಡು ಬಾರಿ ಇಂಗ್ಲೆಂಡಿನ ಗ್ರಾಹಕರೊಂದಿಗೆ ಮೀಟಿಂಗ್ ಇರುತ್ತದೆ. ಪೇಮೆಂಟ್ ಭಾಗದ ಟೆಸ್ಟಿಂಗ್ ಮುಗಿಯುವ ಮೊದಲೇ ಶುಕ್ರವಾರ ರಿಲೀಸ್ ಮಾಡಿಬಿಡೋಣ ಎಂದು ಅವರ ಕಡೆಯವರೊಬ್ಬರು ಹೇಳಿದಾಗ ನಾನು ‘ನೋ, ದಟ್ ಈಸ್ ರಾಂಗ್. ಯು ಹ್ಯಾವ್ ನಾಟ್ ಅಂಡರ್‌ಸ್ಟುಡ್ ದಿ ಇಶ್ಯೂ’ ಎಂದೆ. ಒರಟಾಗಿ ಮಾತನಾಡಿದೆ ಎಂದು ಮ್ಯಾನೇಜರ್ ಆಮೇಲೆ ಕರೆದು ಹೇಳಿದರು. ಅಂದಿನಿಂದ ಭಿನ್ನಾಭಿಪ್ರಾಯ ಹೇಳುವುದನ್ನೇ ಬಿಟ್ಟಿದ್ದೇನೆ. ಕಳೆದ ತಿಂಗಳು, ಆಗುವುದಿಲ್ಲವೆಂದು ಗೊತ್ತಿದ್ದ ಒಂದು ಗಡುವಿಗೆ ‘ಯೆಸ್, ಐ ವಿಲ್ ಟ್ರೈ’ ಎಂದೆ. ಅದನ್ನು ಅವರು ಒಪ್ಪಿಗೆ ಎಂದೇ ಬರೆದುಕೊಂಡರು. ಕೆಲಸ ತಡವಾಗಿ, ಮಾತಿಗೆ ತಪ್ಪಿದವಳೆನಿಸಿಕೊಂಡೆ. ಒಪ್ಪಿದರೂ ಕಷ್ಟ, ಒಪ್ಪದಿದ್ದರೂ ಕಷ್ಟ ಎಂಬಂತಾಗಿದೆ. ಇಂಗ್ಲಿಷಿನಲ್ಲಿ ಇದನ್ನು ಮರ್ಯಾದೆಯಿಂದ ಹೇಳುವುದು ಹೇಗೆ? ಆ ಗ್ರಾಹಕರಿಗೆ ನಾನು ಕ್ಷಮೆ ಕೇಳಬೇಕೆ?

ಉತ್ತರ: ಮೊದಲಿಗೆ ಒಂದು ಪ್ರಯೋಗ ಮಾಡೋಣ. ಅದೇ ಸಭೆ ಹಾವೇರಿಯಲ್ಲಿ, ಕನ್ನಡದಲ್ಲಿ ನಡೆದಿದ್ದು, ನಿಮಗಿಂತ ಹಿರಿಯರೊಬ್ಬರು ಅದೇ ಸಲಹೆಯನ್ನು ಕೊಟ್ಟಿದ್ದರೆ ನೀವು ಏನು ಹೇಳುತ್ತಿದ್ದಿರಿ? ಬಹುಶಃ ಹೀಗೆ: ‘ಇಲ್ರೀ, ಹಂಗಲ್ರೀ ಅದು. ಪೇಮೆಂಟಿಂದು ಟೆಸ್ಟ್ ಇನ್ನೂ ಮುಗದಿಲ್ರೀ. ಶುಕ್ರವಾರ ಅಂದ್ರ ಸ್ವಲ್ಪ ತ್ರಾಸ ಆಗಬಹುದೇನೋ ಅನಸ್ತೈತ್ರೀ.’ ಈ ಮೂರು ವಾಕ್ಯಗಳಲ್ಲಿ ‘ರೀ’ ನಾಲ್ಕು ಬಾರಿ ಬಂದಿದೆ. ತೊಂದರೆಯನ್ನು ‘ಸ್ವಲ್ಪ’ ಎಂದು ಕುಗ್ಗಿಸಲಾಗಿದೆ; ‘ಆಗುತ್ತದೆ’ ಎನ್ನದೆ ‘ಆಗಬಹುದು’ ಎನ್ನಲಾಗಿದೆ; ಅದಕ್ಕೂ ‘ಏನೋ’ ಸೇರಿಸಿ, ಸಾಲದೆಂಬಂತೆ ‘ಅನಸ್ತೈತಿ’ ಎಂದು ಮುಗಿಸಲಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನೀವು’ ಎಂಬ ಪದವೇ ಎಲ್ಲಿಯೂ ಇಲ್ಲ. ಎದುರಿನವರ ತಪ್ಪನ್ನು ನೀವು ಎತ್ತಿ ಆಡಿಲ್ಲ, ಕೆಲಸದ ಸ್ಥಿತಿಯನ್ನಷ್ಟೇ ಹೇಳಿದ್ದೀರಿ. ಮೈಸೂರಿನ ಕಡೆಯವರಾಗಿದ್ದರೆ ‘ರೀ’ ಬದಲು ‘ಸಾರ್’ ಬರುತ್ತಿತ್ತು, ‘ಆಗ್ಬೋದೇನೋ ಅನ್ಸುತ್ತೆ’ ಎಂದಾಗುತ್ತಿತ್ತು. ಕಟ್ಟಡ ಮಾತ್ರ ಅದೇ.

ಈಗ ಇಷ್ಟನ್ನೂ ಇಂಗ್ಲಿಷಿಗೆ ತರುವಾಗ ಏನಾಯಿತೆಂಬುದನ್ನು ಗಮನಿಸಿ. ‘ಇಲ್ರೀ’ ಎಂಬುದು ‘ನೋ’ ಆಯಿತು. ‘ರೀ’ಗೆ ಅಲ್ಲಿ ಸಾಟಿಯಾದ ಪದವಿಲ್ಲದ ಕಾರಣ ಅದು ಉದುರಿಹೋಯಿತು. ‘ಹಂಗಲ್ರೀ’ ಎಂಬುದು ‘ದಟ್ ಈಸ್ ರಾಂಗ್’ ಆಯಿತು. ಕನ್ನಡದ ‘ಹಾಗಲ್ಲ’ದಲ್ಲಿ ತಪ್ಪು ಎಂಬ ಆರೋಪವೇ ಇಲ್ಲ, ಇಂಗ್ಲಿಷಿನ ‘ರಾಂಗ್’ನಲ್ಲಿ ಅದು ಬಿಟ್ಟು ಬೇರೇನೂ ಇಲ್ಲ. ಕನ್ನಡ ವಾಕ್ಯಕ್ಕೆ ಕರ್ತೃಪದ ಇಲ್ಲದಿದ್ದರೂ ನಡೆಯುತ್ತದೆ, ಇಂಗ್ಲಿಷಿಗೆ ನಡೆಯುವುದಿಲ್ಲ. ಹಾಗಾಗಿ ಖಾಲಿ ಜಾಗವನ್ನು ತುಂಬಲು ‘ಯು’ ಬಂದು ಕುಳಿತಿತು. ಕನ್ನಡದಲ್ಲಿ ನಮ್ಮ ವಿನಯ ಬಹುಪಾಲು ಕ್ರಿಯಾಪದದ ಬಾಲದಲ್ಲಿದೆ. ಅನುವಾದಿಸುವ ಅವಸರದಲ್ಲಿ ನಾವು ತಲೆಯನ್ನು ಮಾತ್ರ ದಾಟಿಸಿ, ಬಾಲವನ್ನು ಈಚೆ ದಡದಲ್ಲೇ ಬಿಟ್ಟುಬಿಡುತ್ತೇವೆ. ನೀವು ಒರಟರಲ್ಲ, ನಿಮ್ಮ ಪದಸಂಪತ್ತು ಕಡಿಮೆಯೂ ಅಲ್ಲ. ವಿನಯವನ್ನು ಇಂಗ್ಲಿಷಿನವರು ವಾಕ್ಯದ ಬೇರೆ ಜಾಗಗಳಲ್ಲಿ ಇಟ್ಟುಕೊಂಡಿದ್ದಾರೆ. ಆ ಜಾಗಗಳು ಯಾವುವೆಂದು ತಿಳಿದರೆ ಮುಕ್ಕಾಲು ಪಾಲು ಸಮಸ್ಯೆ ತೀರುತ್ತದೆ.

ಪ್ರತಿ ವಾಕ್ಯಕ್ಕೂ ‘ಸರ್’ ಸೇರಿಸಿ ಈ ಕೊರತೆಯನ್ನು ತುಂಬಲು ಹೊರಡುವವರನ್ನು ಬಹಳ ನೋಡಿದ್ದೇನೆ. ಅದು ನಮ್ಮ ಕಚೇರಿಗಳಲ್ಲಿ ಸರಿ. ಮೊದಲ ಹೆಸರಿನಿಂದಲೇ ಕರೆದುಕೊಳ್ಳುವ ಇಂಗ್ಲೆಂಡಿನ ತಂಡದ ಕಿವಿಗೆ ಅದು ಶಾಲೆಯದೋ ಅಂಗಡಿಯದೋ ಮಾತಿನಂತೆ ಕೇಳಿಸುತ್ತದೆಯೇ ಹೊರತು, ‘ನೋ, ಸರ್, ದಟ್ ಈಸ್ ರಾಂಗ್’ ಎಂಬುದರ ಮೊನೆಯನ್ನು ಅದು ಮೊಂಡು ಮಾಡುವುದಿಲ್ಲ. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ‘ದೌ’ ಮತ್ತು ‘ಯು’ ಎಂಬ ನೀನು-ನೀವುಗಳ ಭೇದವಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ಅದು ಸಾಮಾನ್ಯ ಬಳಕೆಯಿಂದ ಮರೆಯಾಗುತ್ತ ಬಂತು. ಸರ್ವನಾಮದಲ್ಲಿ ಗೌರವ ತೋರುವ ದಾರಿ ಮುಚ್ಚಿದ ಮೇಲೆ ಆ ಭಾಷೆ ಬೇರೆ ದಾರಿಗಳನ್ನೇ ಹೆಚ್ಚು ತುಳಿಯಬೇಕಾಯಿತು.

ಒಪ್ಪದಿರುವುದು ಎಲ್ಲ ಭಾಷೆಗಳಲ್ಲಿಯೂ ಸೂಕ್ಷ್ಮವಾದ ಕೆಲಸವೇ. ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಎಂಬ ಇಬ್ಬರು ವಿದ್ವಾಂಸರು 1978ರಲ್ಲಿ ವಿನಯದ ಬಗ್ಗೆ ಒಂದು ಸಿದ್ಧಾಂತವನ್ನು ಮಂಡಿಸಿದರು. ಅದಕ್ಕೆ ಅವರು ಆಧಾರವಾಗಿ ಇಟ್ಟುಕೊಂಡ ಮೂರು ಭಾಷೆಗಳಲ್ಲಿ ಒಂದು ಇಂಗ್ಲಿಷ್, ಇನ್ನೊಂದು ಮೆಕ್ಸಿಕೋದ ತ್ಸೆಲ್ತಾಲ್, ಮತ್ತೊಂದು ನಮ್ಮ ನೆರೆಯ ಕೊಯಮತ್ತೂರು ಜಿಲ್ಲೆಯ ಹಳ್ಳಿಯೊಂದರ ತಮಿಳು. ಪ್ರತಿಯೊಬ್ಬರಿಗೂ ಸಮಾಜದೆದುರು ಒಂದು ‘ಮುಖ’ವಿರುತ್ತದೆ, ನಾಲ್ವರು ತಮ್ಮನ್ನು ಮೆಚ್ಚಬೇಕೆಂಬ ಆಸೆಯೂ ತಮ್ಮ ದಾರಿಗೆ ಯಾರೂ ಅಡ್ಡಬರಬಾರದೆಂಬ ಆಸೆಯೂ ಅದರಲ್ಲಿ ಸೇರಿರುತ್ತವೆ ಎಂಬುದು ಅವರ ವಾದದ ತಿರುಳು. ಭಿನ್ನಾಭಿಪ್ರಾಯ ಈ ಮುಖಕ್ಕೆ ತಾಗುತ್ತದೆ. ‘ಮುಖಭಂಗ’ ಎಂಬ ಪದವನ್ನು ದಿನವೂ ಬಳಸುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿನವರ ಮುಖ ಉಳಿಸುವುದಕ್ಕೆ ನಮ್ಮಲ್ಲಿ ‘ದಾಕ್ಷಿಣ್ಯ’ ಎಂಬ ಇನ್ನೊಂದು ಪದವೂ ಇದೆ; ನಿಮ್ಮ ಎರಡನೆಯ ಸಮಸ್ಯೆಯ ಬೇರು ಅಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ವಿನಯದ ಮೊದಲ ಜಾಗ ಮಾತಿಗೂ ಮುಂಚಿನ ಮೌನ. ಇಂಗ್ಲಿಷ್, ಜಪಾನಿ, ಡ್ಯಾನಿಶ್ ಮೊದಲಾದ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದ ಮೇಲೆ ಉತ್ತರ ಶುರುವಾಗಲು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ ಎಂದು ಕಂಡುಬಂತು. ಹೌದೆನ್ನುವ ಉತ್ತರಗಳು ಬೇಗ ಬರುತ್ತವೆ, ಅಲ್ಲವೆನ್ನುವವು ತುಸು ತಡವಾಗಿ ಬರುತ್ತವೆ ಎಂಬುದೂ ತಿಳಿಯಿತು. ಅದರಲ್ಲಿ ಭಾರತದ ಭಾಷೆ ಯಾವುದೂ ಇರಲಿಲ್ಲವಾದರೂ, ಮದುವೆ ಮಾತುಕತೆಯಲ್ಲಿ ಹುಡುಗಿಯ ತಂದೆ ಒಂದು ಗಳಿಗೆ ಸುಮ್ಮನಾದರೆ ಅದರ ಅರ್ಥವೇನೆಂದು ನಮಗೂ ಗೊತ್ತು. ಸಭೆಯಲ್ಲಿ ಎದುರಿನವರ ಕೊನೆಯ ಪದದ ಮೇಲೆಯೇ ‘ನೋ’ ಎಂದು ಬೀಳುವುದು ಪದಕ್ಕಿಂತ ಹೆಚ್ಚಾಗಿ ವೇಗದಿಂದಲೇ ಒರಟೆನಿಸುತ್ತದೆ. ಅರೆಗಳಿಗೆ ಬಿಟ್ಟು, ‘ವೆಲ್’ ಎಂದೋ ‘ಹ್ಮ್’ ಎಂದೋ ಶುರುಮಾಡಿದರೆ, ಮುಂದೆ ಬರುವುದು ಭಿನ್ನಾಭಿಪ್ರಾಯ ಎಂಬ ಸೂಚನೆ ಕೇಳುಗರಿಗೆ ತಲುಪಿ ಅವರು ಸಿದ್ಧರಾಗುತ್ತಾರೆ. ಆನ್‌ಲೈನ್ ಸಭೆಯಲ್ಲಿ ಮಾತ್ರ ಬಹಳ ಹೊತ್ತು ಸುಮ್ಮನಿರಬೇಡಿ, ಲೈನ್ ಕಟ್ ಆಯಿತೆಂದುಕೊಳ್ಳುತ್ತಾರೆ.

ಎರಡನೆಯ ಜಾಗ ಕ್ರಿಯಾಪದದ ಕಾಲ. ನಾವು ‘ನಿಮ್ಮನ್ನ ಒಂದು ಮಾತು ಕೇಳೋಣ ಅಂತಿದ್ದೆ’ ಎನ್ನುತ್ತೇವೆ. ಕೇಳಬೇಕೆಂಬ ಆಸೆ ಈಗಲೂ ಇದೆ, ಆದರೆ ಅದನ್ನು ಭೂತಕಾಲಕ್ಕೆ ತಳ್ಳಿ, ಬೇಡವೆನ್ನಲು ಎದುರಿನವರಿಗೆ ಜಾಗ ಬಿಟ್ಟುಕೊಡುತ್ತೇವೆ. ಇಂಗ್ಲಿಷಿನ ‘ಐ ವಾಸ್ ವಂಡರಿಂಗ್’ ಎಂಬುದು ಇದೇ ಉಪಾಯ. ‘ಮಾಡಬಹುದಿತ್ತೇನೋ’ ಎಂಬಲ್ಲಿ ನಾವು ಬಳಸುವ ‘ಬಹುದು’, ‘ಏನೋ’ಗಳ ಕೆಲಸವನ್ನು ‘ಮೈಟ್’, ‘ಕುಡ್’, ‘ವುಡ್’ ಎಂಬ ಮೂರು ಪುಟ್ಟ ಪದಗಳು ಮಾಡುತ್ತವೆ. ‘ದಿಸ್ ವಿಲ್ ಫೇಲ್’ ಎಂಬುದು ಭವಿಷ್ಯವಾಣಿ. ‘ದಿಸ್ ಮೈಟ್ ಫೇಲ್ ಇಫ್ ಟೂ ಪೀಪಲ್ ಪೇ ಅಟ್ ದಿ ಸೇಮ್ ಟೈಮ್’ ಎಂಬುದು ಪರಿಶೀಲಿಸಬಹುದಾದ ಒಂದು ಮಾತು. ಇದು ನಿಮಗೆ ಹೊಸ ವಿದ್ಯೆಯಲ್ಲ. ಕನ್ನಡದಲ್ಲಿ ದಿನಕ್ಕೆ ನೂರು ಬಾರಿ ಮಾಡುವುದನ್ನೇ ಅಲ್ಲಿಯೂ ಮಾಡಬೇಕು, ಅಷ್ಟೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಆ ‘ಯು’. ಕನ್ನಡದಲ್ಲಿ ‘ಒಂದು ಕೇಸ್ ಬಿಟ್ಟುಹೋಗಿದೆ’ ಎನ್ನುತ್ತೇವೆ. ಬಿಟ್ಟವರು ಯಾರು? ಯಾರೂ ಅಲ್ಲ, ಅದು ತಾನಾಗಿಯೇ ಹೋಯಿತು. ತಟ್ಟೆ ಒಡೆದರೂ ‘ಬಿತ್ತು, ಒಡೆದುಹೋಯ್ತು’ ಎನ್ನುವ ಭಾಷೆ ನಮ್ಮದು. ಇದನ್ನು ‘ಯು ಹ್ಯಾವ್ ಮಿಸ್ಡ್ ಒನ್ ಕೇಸ್’ ಎಂದು ಅನುವಾದಿಸಿದೊಡನೆ ತಪ್ಪಿತಸ್ಥರೊಬ್ಬರು ಹುಟ್ಟಿಕೊಳ್ಳುತ್ತಾರೆ. ‘ದೇರ್ ಈಸ್ ಒನ್ ಕೇಸ್ ದಿ ಪ್ಲಾನ್ ಡಸಂಟ್ ಕವರ್ ಯೆಟ್’ ಎನ್ನಿ. ಯೋಜನೆಗೆ ಮುಖಭಂಗವಾಗುವ ಪ್ರಶ್ನೆಯಿಲ್ಲ. ಅದೇ ರೀತಿ ‘ಯು ಹ್ಯಾವ್ ನಾಟ್ ಅಂಡರ್‌ಸ್ಟುಡ್’ ಎಂಬುದನ್ನು ಶಾಶ್ವತವಾಗಿ ಬಿಟ್ಟುಬಿಡಿ. ಅರ್ಥವಾಗದಿದ್ದರೆ ಅದರ ಹೊಣೆಯನ್ನು ನೀವೇ ಹೊತ್ತು ‘ಐ ಮೇ ನಾಟ್ ಹ್ಯಾವ್ ಎಕ್ಸ್‌ಪ್ಲೇನ್ಡ್ ದಿಸ್ ವೆಲ್’ ಎಂದರೆ, ಅಂದರೆ ನಾನೇ ಸರಿಯಾಗಿ ಬಿಡಿಸಿ ಹೇಳಲಿಲ್ಲವೇನೋ ಎಂದರೆ, ನಿಮಗೇನೂ ನಷ್ಟವಿಲ್ಲ, ವಿಷಯವನ್ನು ಇನ್ನೊಮ್ಮೆ ಹೇಳುವ ಅವಕಾಶ ಸಿಗುತ್ತದೆ.

ಇನ್ನೊಂದು ಜಾಗವಿದೆ: ಕೆಟ್ಟ ಪದವನ್ನು ಆಡದೆ ಒಳ್ಳೆಯ ಪದವನ್ನು ಅಲ್ಲಗಳೆಯುವುದು. ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಕೆಟ್ಟಿದೆ ಎನ್ನುವುದಿಲ್ಲ. ಬಹಳವಾದರೆ ‘ಉಪ್ಪು ಒಂಚೂರು ಮುಂದಾಯ್ತೇನೋ’ ಎನ್ನುತ್ತೇವೆ, ಇಲ್ಲವೇ ‘ಅಷ್ಟೇನೂ ಖಾರ ಇಲ್ಲ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಬ್ಯಾಡ್’ ಬದಲು ‘ನಾಟ್ ಐಡಿಯಲ್’, ‘ಐ ಡಿಸಗ್ರೀ’ ಬದಲು ‘ಐ ಆಮ್ ನಾಟ್ ಶೂರ್ ದಟ್ ವರ್ಕ್ಸ್’ ಎನ್ನುವುದು ಇದೇ ಜಾತಿಗೆ ಸೇರಿದ್ದು.

ಇವನ್ನೆಲ್ಲ ಸೇರಿಸಿ ಆ ಶುಕ್ರವಾರದ ಮಾತನ್ನು ಮರಳಿ ಕಟ್ಟೋಣ. ಅಂಕಿಗಳು ನನ್ನ ಊಹೆ, ನಿಮ್ಮವನ್ನು ಹಾಕಿಕೊಳ್ಳಿ. ‘ಐ ಕ್ಯಾನ್ ಸೀ ವೈ ಫ್ರೈಡೇ ಮ್ಯಾಟರ್ಸ್. ಮೈ ಕನ್ಸರ್ನ್ ಈಸ್ ಪೇಮೆಂಟ್ಸ್: ಫೋರ್ಟೀನ್ ಆಫ್ ದಿ ಫಾರ್ಟಿ ಟೆಸ್ಟ್ಸ್ ಹ್ಯಾವಂಟ್ ರನ್ ಯೆಟ್. ಐ ವುಡಂಟ್ ಬಿ ಕಂಫರ್ಟಬಲ್ ರಿಲೀಸಿಂಗ್ ಬಿಫೋರ್ ದಟ್. ಕುಡ್ ವಿ ಲುಕ್ ಅಟ್ ಟ್ಯೂಸ್‌ಡೇ, ಆರ್ ಗೋ ಆನ್ ಫ್ರೈಡೇ ವಿತ್ ಪೇಮೆಂಟ್ಸ್ ಸ್ವಿಚ್ಡ್ ಆಫ್?’ ಶುಕ್ರವಾರ ನಿಮಗೇಕೆ ಬೇಕೆಂಬುದು ನನಗೆ ಕಾಣುತ್ತಿದೆ ಎಂದು ಮೊದಲ ವಾಕ್ಯ ಹೇಳುತ್ತದೆ. ಅವರ ಮಾತನ್ನು ಕೇಳಿಸಿಕೊಂಡಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ. ಎರಡನೆಯ ವಾಕ್ಯ ಆತಂಕವನ್ನು ನಿಮ್ಮದೆಂದು ಒಪ್ಪಿಕೊಂಡು ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತದೆ. ಮೂರನೆಯದು ಸ್ಪಷ್ಟವಾದ ‘ಇಲ್ಲ’. ಮೆದುವಾಗಿದೆ, ಆದರೆ ಅದನ್ನು ಒಪ್ಪಿಗೆಯೆಂದು ಯಾರೂ ಬರೆದುಕೊಳ್ಳಲಾರರು. ಕೊನೆಯದು ಎರಡು ದಾರಿಗಳನ್ನು ತೋರಿಸಿ ತೀರ್ಮಾನವನ್ನು ಅವರ ಕೈಗೆ ಬಿಡುತ್ತದೆ. ನಾಲ್ಕೂ ವಾಕ್ಯಗಳಲ್ಲಿ ‘ಬಟ್’ ಇಲ್ಲವೆಂಬುದನ್ನು ಗಮನಿಸಿ. ‘ಯೆಸ್, ಬಟ್’ ಎಂಬುದನ್ನು ಪದೇ ಪದೇ ಬಳಸಿದರೆ ಮೊದಲಿನ ‘ಯೆಸ್’ಗೆ ಬೆಲೆಯೇ ಉಳಿಯುವುದಿಲ್ಲ, ‘ಬಟ್’ನ ಜಾಗದಲ್ಲಿ ಪೂರ್ಣವಿರಾಮ ಇಟ್ಟು ಹೊಸ ವಾಕ್ಯವನ್ನು ಶುರುಮಾಡುವುದು ಒಳ್ಳೆಯದು.

ಪದಕ್ಕೆ ಪದ ಸರಿಯಾಗಿದ್ದೂ ದಾರಿ ತಪ್ಪಿಸುವ ಕೆಲವು ಮಾತುಗಳಿವೆ. ‘ನನಗೆ ಹಾಗನ್ನಿಸುವುದಿಲ್ಲ’ ಎಂಬುದು ಕನ್ನಡದಲ್ಲಿ ಮೃದುವಾದ ಅಸಮ್ಮತಿ. ‘ಐ ಡೋಂಟ್ ಥಿಂಕ್ ಸೋ’ ಎಂದು ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಇಂಗ್ಲಿಷಿನಲ್ಲಿ ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ‘ಐ ಡೋಂಟ್ ಥಿಂಕ್ ವಿ ಕ್ಯಾನ್ ಫಿನಿಶ್ ಬೈ ಫ್ರೈಡೇ’ ಎಂದು ವಾಕ್ಯವನ್ನು ಪೂರ್ತಿ ಮಾಡಿದರೆ ಆ ಬಿಗಿ ಸಡಿಲಾಗುತ್ತದೆ. ‘ನೋಡೋಣ’ ಎಂಬುದು ನಮ್ಮಲ್ಲಿ ಗೌರವದ ನಿರಾಕರಣೆಯೂ ಹೌದು, ಆದರೆ ‘ವಿ ವಿಲ್ ಸೀ’ ಎಂಬುದರಲ್ಲಿ ಉದಾಸೀನವೋ ಸವಾಲೋ ಇದ್ದಂತೆ ತೋರುತ್ತದೆ. ‘ನಾನು ಹೇಳುವುದೇನೆಂದರೆ’ ಎಂಬುದರಿಂದ ಬಂದ ‘ವಾಟ್ ಐ ಆಮ್ ಟೆಲ್ಲಿಂಗ್ ಈಸ್’ ಎಂಬುದು, ಇಷ್ಟು ಹೇಳಿದರೂ ತಿಳಿಯಲಿಲ್ಲವೇ ಎಂಬ ಅಸಹನೆಯಂತೆ ಕಿವಿಗೆ ಬೀಳಬಹುದು.

‘ಡೌಟ್’ ಎಂಬ ಪದದಿಂದ ನಾನೇ ಒಮ್ಮೆ ಕೆಟ್ಟಿದ್ದೇನೆ. ಶಾಲೆಯಲ್ಲಿ ಮೇಷ್ಟ್ರ ಮುಂದೆ ಕೈ ಎತ್ತಿ ‘ಡೌಟು ಸಾರ್’ ಎಂದು ಬೆಳೆದವರಿಗೆ ಅದು ಸಂದೇಹ, ಅಂದರೆ ಕೇಳಿ ತಿಳಿಯಬೇಕಾದ ಪ್ರಶ್ನೆ. ವಿದೇಶಿಯರಿದ್ದ ವಿಚಾರಸಂಕಿರಣವೊಂದರಲ್ಲಿ, ಭಾಷಣಕಾರರ ಪಟ್ಟಿಯಲ್ಲಿದ್ದ ಒಂದು ಕಾಲಮಿನ ಅರ್ಥ ಕೇಳಲು ನಾನು ಎದ್ದು ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಟೇಬಲ್’ ಎಂದೆ. ಅವರ ಮುಖ ಬಿಗಿಯಿತು. ಅಂಕಿಅಂಶಗಳನ್ನು ಎಷ್ಟು ಎಚ್ಚರದಿಂದ ಕಲೆಹಾಕಿದ್ದೇವೆ ಎಂದು ಐದು ನಿಮಿಷ ಸಮರ್ಥಿಸಿಕೊಂಡರು. ನನಗೆ ಬೇಕಿದ್ದುದು ಒಂದು ಪದದ ವಿವರಣೆ, ಅವರಿಗೆ ಕೇಳಿಸಿದ್ದು ‘ನಿಮ್ಮ ಪಟ್ಟಿಯನ್ನು ನಾನು ನಂಬುವುದಿಲ್ಲ’ ಎಂದು. ಅಂದಿನಿಂದ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನುತ್ತೇನೆ.

ಹೌದು-ಇಲ್ಲಗಳ ವಿಷಯ ಇದಕ್ಕಿಂತ ತೊಡಕಿನದು. ‘ನಿಮ್ಮದೇನೂ ಅಭ್ಯಂತರ ಇಲ್ಲ ತಾನೇ?’ ಎಂದು ಕೇಳಿದರೆ ಕನ್ನಡದಲ್ಲಿ ‘ಹೌದು, ಇಲ್ಲ’ ಎನ್ನಬಹುದು. ಆ ‘ಹೌದು’ ನೀವು ಹೇಳಿದ್ದು ನಿಜ ಎಂಬುದಕ್ಕೆ ಸೇರಿದ್ದು. ಇಂಗ್ಲಿಷಿನ ‘ಯೆಸ್’, ‘ನೋ’ಗಳು ಕೇಳಿದವರ ಮಾತನ್ನು ಲೆಕ್ಕಿಸದೆ ವಸ್ತುಸ್ಥಿತಿಯನ್ನು ಹೇಳುತ್ತವೆ: ಅಭ್ಯಂತರ ಇಲ್ಲದಿದ್ದರೆ ‘ನೋ’, ಇದ್ದರೆ ‘ಯೆಸ್’. ಬೆಂಗಳೂರಿನ ಕಚೇರಿಯೊಂದರಲ್ಲಿ ತರಬೇತಿ ಕೊಡುತ್ತಿದ್ದಾಗ ಇದು ಕಣ್ಣೆದುರಿಗೇ ನಡೆಯಿತು. ಪರದೆಯ ಮೇಲಿದ್ದ ಅಮೆರಿಕದ ಮಹಿಳೆ ‘ಯು ಡೋಂಟ್ ಹ್ಯಾವ್ ಎನಿ ಕನ್ಸರ್ನ್ಸ್?’ ಎಂದು ಕೇಳಿದರು. ನಮ್ಮ ಹುಡುಗ ನಗುತ್ತ ‘ಯೆಸ್’ ಎಂದ. ಆಕೆ ಪೆನ್ನು ಹಿಡಿದು ‘ಓಕೆ, ವಾಟ್ ಆರ್ ದೇ?’ ಎಂದು ಕಾದರು. ಇವನು ಇನ್ನೂ ನಗುತ್ತಲೇ ಇದ್ದ. ‘ಡು ಯು ಮೈಂಡ್ ಇಫ್ ವಿ ಮೂವ್ ಇಟ್?’ ಎಂಬುದೂ ಇಂಥದೇ. ಅಲ್ಲಿ ಬರೀ ‘ಯೆಸ್’ ಎಂದರೆ ನನಗೆ ಆಕ್ಷೇಪಣೆಯಿದೆ ಎಂದರ್ಥ. ಇದಕ್ಕೆ ನಾನು ಹೇಳಿಕೊಡುವ ಪರಿಹಾರ ಒಂದೇ: ಇಂಥ ಪ್ರಶ್ನೆಗೆ ಒಂಟಿ ಪದದ ಉತ್ತರ ಕೊಡಲೇಬಾರದು. ‘ನೋ, ಐ ಹ್ಯಾವ್ ನೋ ಕನ್ಸರ್ನ್ಸ್’ ಅಥವಾ ‘ಐ ಡು ಹ್ಯಾವ್ ಒನ್’ ಎಂದು ಪೂರ್ತಿ ವಾಕ್ಯವನ್ನು ಹೇಳಿದರೆ ಗೊಂದಲಕ್ಕೆ ಎಡೆಯಿಲ್ಲ.

ಈಗ ಒಪ್ಪಿಗೆಗೆ ಬರೋಣ. ಒಪ್ಪುವುದು ಸುಲಭವೆಂದು ಜನ ಭಾವಿಸುತ್ತಾರೆ, ಆದರೆ ನಿಮಗೆ ದೊಡ್ಡ ನಷ್ಟವಾದದ್ದು ಒಪ್ಪಿಗೆಯಲ್ಲಿಯೇ. ವ್ಯಾಕರಣದ ಮಾತನ್ನು ಬೇಗ ಮುಗಿಸುತ್ತೇನೆ: ‘ಐ ಆಮ್ ಅಗ್ರೀ’ ತಪ್ಪು, ‘ಐ ಆಮ್ ಅಗ್ರೀಯಿಂಗ್’ ಸಾಮಾನ್ಯವಾಗಿ ಸಲ್ಲದು, ‘ಐ ಅಗ್ರೀ’ ಸಾಕು. ವ್ಯಕ್ತಿಯನ್ನೋ ಅಭಿಪ್ರಾಯವನ್ನೋ ಒಪ್ಪುವಾಗ ‘ಅಗ್ರೀ ವಿತ್’, ಬೇಡಿಕೆಗೆ ಸಮ್ಮತಿಸುವಾಗ ‘ಅಗ್ರೀ ಟು’, ಇಬ್ಬರೂ ಸೇರಿ ದಿನಾಂಕವನ್ನೋ ದರವನ್ನೋ ಗೊತ್ತುಮಾಡಿಕೊಳ್ಳುವಾಗ ‘ಅಗ್ರೀ ಆನ್’. ಈ ‘ವಿತ್’ ಮತ್ತು ‘ಟು’ಗಳ ನಡುವಿನ ಅಂತರ ಮುಖ್ಯ. ನಿಮ್ಮ ವಾದ ನನಗೆ ಒಪ್ಪಿಗೆ ಎನ್ನುವುದು ಬೇರೆ, ನಿಮ್ಮ ಷರತ್ತಿಗೆ ನನ್ನ ಒಪ್ಪಿಗೆಯಿದೆ ಎನ್ನುವುದು ಬೇರೆ. ಎರಡನೆಯದರಲ್ಲಿ ಕೆಲಸ ಮಾಡಿಕೊಡುವ ಹೊಣೆಯೂ ಸೇರಿದೆ.

ಅಜ್ಜಿ ಕಥೆ ಹೇಳುವಾಗ ನಡುನಡುವೆ ಹೂಂಗುಡಬೇಕು, ಇಲ್ಲವಾದರೆ ಮಕ್ಕಳು ಮಲಗಿದವೆಂದು ಆಕೆ ಕಥೆ ನಿಲ್ಲಿಸುತ್ತಾಳೆ. ಆ ‘ಹೂಂ’ನಲ್ಲಿ ಒಪ್ಪಿಗೆಯಿಲ್ಲ, ಕೇಳುತ್ತಿದ್ದೇನೆ ಎಂಬ ಸೂಚನೆ ಮಾತ್ರ ಇದೆ. ನಾವು ಸಭೆಯಲ್ಲಿಯೂ ಹೂಂಗುಡುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಯೆಸ್, ಯೆಸ್’ ಆಗುತ್ತದೆ, ಜೊತೆಗೆ ತಲೆಯೂ ಆಡುತ್ತದೆ. ಎದುರಿನವರು ಪ್ರಸ್ತಾವನೆ ಮುಗಿಸುವ ಹೊತ್ತಿಗೆ ನೀವು ಹತ್ತು ಬಾರಿ ಒಪ್ಪಿಯಾಗಿರುತ್ತದೆ. ಹನ್ನೊಂದನೆಯ ಬಾರಿ ಆಕ್ಷೇಪಿಸಿದರೆ, ಇಷ್ಟು ಹೊತ್ತು ಒಪ್ಪಿದವರು ಈಗೇಕೆ ತಿರುಗಿಬಿದ್ದರು ಎಂದು ಅವರಿಗೆ ಅಚ್ಚರಿಯಾಗುವುದು ಸಹಜ. ಹೂಂಗುಡುವುದಕ್ಕೆ ‘ರೈಟ್’, ‘ಐ ಸೀ’, ‘ಗೋ ಆನ್’ ಎಂಬ ಮಾತುಗಳನ್ನು ರೂಢಿಸಿಕೊಂಡು, ‘ಯೆಸ್’ ಎಂಬುದನ್ನು ನಿಜವಾದ ಸಮ್ಮತಿಗೆ ಮೀಸಲಿಡಿ. ಭಾಗಶಃ ಒಪ್ಪಿಗೆಯಿದ್ದರೆ ಯಾವ ಭಾಗಕ್ಕೆ ಎಂಬುದನ್ನು ಹೇಳಿ: ‘ಐ ಅಗ್ರೀ ವಿತ್ ದಿ ಡಿಸೈನ್; ದಿ ಡೇಟ್ ಈಸ್ ವಾಟ್ ವರೀಸ್ ಮಿ.’ ನಿಜಕ್ಕೂ ಒಪ್ಪಿದಾಗ ಕಾರಣವನ್ನೂ ಸೇರಿಸಿದರೆ ಒಪ್ಪಿಗೆಗೆ ತೂಕ ಬರುತ್ತದೆ. ‘ಗುಡ್ ಪಾಯಿಂಟ್’ ಎಂದು ಎಲ್ಲರೂ ಅನ್ನುತ್ತಾರೆ. ‘ದಟ್ ಮೇಕ್ಸ್ ಸೆನ್ಸ್, ಇಟ್ ಸೇವ್ಸ್ ಅಸ್ ಎ ಸೆಕೆಂಡ್ ಬಿಲ್ಡ್’ ಎಂದರೆ ನೀವು ಯೋಚಿಸಿ ಒಪ್ಪಿದ್ದೀರೆಂದು ತಿಳಿಯುತ್ತದೆ.

‘ಯೆಸ್, ಐ ವಿಲ್ ಟ್ರೈ’ ಎಂಬುದರ ಹಿಂದೆ ಇದ್ದದ್ದು ದಾಕ್ಷಿಣ್ಯ. ‘ಆಯ್ತು, ಪ್ರಯತ್ನ ಮಾಡ್ತೀನಿ’ ಎಂದರೆ ಕೇಳಿದ ಕನ್ನಡಿಗರು ದನಿಯಿಂದಲೇ ಅರ್ಥ ಮಾಡಿಕೊಂಡು ಬೇರೆ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಆಡಿದ್ದು ಒಪ್ಪಿಗೆಯಾದರೂ ತಲುಪಿದ್ದು ನಿರಾಕರಣೆ. ಈ ಒಳ ಒಪ್ಪಂದ ಇಂಗ್ಲೆಂಡಿನ ಗ್ರಾಹಕರೊಂದಿಗೆ ನಿಮಗಿಲ್ಲ. ಅವರಿಗೆ ‘ಯೆಸ್’ ಕೇಳಿಸಿತು, ದಿನಾಂಕವನ್ನು ಬರೆದುಕೊಂಡರು. ಇಲ್ಲಿ ನನ್ನ ಅಭಿಪ್ರಾಯ ಖಚಿತ: ವೃತ್ತಿಯ ಸಭೆಗಳಲ್ಲಿ ನಮ್ಮ ಜನ ಒರಟುತನದಿಂದ ಕೆಡಿಸಿಕೊಂಡದ್ದಕ್ಕಿಂತ ದಾಕ್ಷಿಣ್ಯದಿಂದ ಕೆಡಿಸಿಕೊಂಡದ್ದೇ ಹೆಚ್ಚು. ಆಗದ ಗಡುವಿಗೆ ಹೀಗೆನ್ನಬಹುದು: ‘ಐ ಕಾಂಟ್ ಕಮಿಟ್ ಟು ದಿ ಟೆಂತ್. ಐ ಕ್ಯಾನ್ ಕಮಿಟ್ ಟು ದಿ ಫಿಫ್ಟೀಂತ್, ಆರ್ ಟು ಹಾಫ್ ಆಫ್ ಇಟ್ ಬೈ ದಿ ಟೆಂತ್.’ ಆಗದ್ದನ್ನು ಹೇಳಿದ ಉಸಿರಿನಲ್ಲಿಯೇ ಆಗುವುದನ್ನೂ ಹೇಳಿದರೆ ಅದು ನಿರಾಕರಣೆಗಿಂತ ಲೆಕ್ಕದಂತೆ ಕೇಳಿಸುತ್ತದೆ. ಅಲ್ಲಿಯೇ ತೀರ್ಮಾನಿಸಲಾಗದಿದ್ದರೆ ‘ಲೆಟ್ ಮಿ ಚೆಕ್ ಅಂಡ್ ಟೆಲ್ ಯು ಬೈ ಫೋರ್ ಓ ಕ್ಲಾಕ್ ಟುಮಾರೋ’ ಎನ್ನಿ. ಆ ನಾಲ್ಕು ಗಂಟೆಗೆ ತಪ್ಪದೆ ಹೇಳಿ.

ಇಷ್ಟು ಕಲಿತ ಮೇಲೆ ಕೆಲವರಿಗೆ ವಿನಯದ ಹುಚ್ಚು ಹಿಡಿಯುತ್ತದೆ. ‘ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಪರ್‌ಹ್ಯಾಪ್ಸ್ ವಿ ಮೈಟ್ ಪಾಸಿಬ್ಲಿ’ ಎಂದು ಹತ್ತಿಯಲ್ಲಿ ಸುತ್ತುತ್ತ ಹೋದರೆ ಒಳಗಿರುವ ವಸ್ತು ಯಾವುದೆಂದೇ ತಿಳಿಯುವುದಿಲ್ಲ. ಒಂದು ವಾಕ್ಯಕ್ಕೆ ಒಂದು ಮೆತ್ತನೆಯ ಪದ ಸಾಕು. ಅದರ ಬೆನ್ನಿಗೇ ಒಂದು ಗಟ್ಟಿ ಸಂಗತಿ, ಸಂಖ್ಯೆಯೋ ದಿನಾಂಕವೋ, ಬರಲಿ. ಎದುರಿರುವವರು ಯಾರೆಂಬುದರ ಮೇಲೂ ಅಳತೆ ಬದಲಾಗುತ್ತದೆ. ನೇರ ಮಾತಿಗೆ ಹೆಸರಾದ ಡಚ್ ಸಹೋದ್ಯೋಗಿಗಳ ಸಭೆಯಲ್ಲಿ ‘ಐ ಡಿಸಗ್ರೀ, ಬಿಕಾಸ್’ ಎಂದು ಶುರುಮಾಡಿದರೂ ಯಾರೂ ಬೇಸರಿಸುವುದು ಅಪರೂಪ. ನಿಮ್ಮ ಬ್ರಿಟಿಷ್ ಗ್ರಾಹಕರದು ಇದಕ್ಕೆ ವಿರುದ್ಧ ದಿಕ್ಕು. ಅವರು ‘ಐ ಹಿಯರ್ ವಾಟ್ ಯು ಸೇ’ ಎಂದರೆ ಒಪ್ಪಿದರೆಂದು ಹಿಗ್ಗಬೇಡಿ, ಕೇಳಿಸಿಕೊಂಡೆ ಎಂದಷ್ಟೇ ಅದರ ಅರ್ಥ. ‘ವಿತ್ ರೆಸ್ಪೆಕ್ಟ್’ ಎಂದು ಶುರುಮಾಡಿದರೆ ಮುಂದೆ ಖಂಡನೆ ಬರಲಿದೆ ಎಂದು ತಿಳಿಯಿರಿ. ಇಂಗ್ಲಿಷ್ ಮಾತೃಭಾಷೆಯವರ ನಡುವೆಯೇ ಇಂಥ ಎಡವಟ್ಟುಗಳಾಗಿವೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ತುರ್ತಿನ ಪತ್ರವೊಂದನ್ನು ‘ಟೇಬಲ್’ ಮಾಡಬೇಕೆಂದಾಗ ಅಮೆರಿಕನ್ನರು ಬೇಡವೆಂದು ದೀರ್ಘವಾಗಿ ವಾದಿಸಿದ್ದನ್ನು ಚರ್ಚಿಲ್ ದಾಖಲಿಸಿದ್ದಾರೆ. ಬ್ರಿಟನ್ನಿನಲ್ಲಿ ಆ ಪದಕ್ಕೆ ಚರ್ಚೆಗೆ ತರುವುದು ಎಂಬ ಅರ್ಥ, ಅಮೆರಿಕದಲ್ಲಿ ಬದಿಗಿಡುವುದು ಎಂಬ ಅರ್ಥ. ಇಬ್ಬರಿಗೂ ಬೇಕಿದ್ದುದು ಒಂದೇ ಆಗಿತ್ತು.

ಸಭೆಯಲ್ಲಿರುವ ನಿಮ್ಮ ಸ್ವಂತ ಮೇಲಧಿಕಾರಿಯನ್ನು ಗ್ರಾಹಕರೆದುರು ಒಪ್ಪದಿರುವುದು ಬೇರೆಯೇ ಪ್ರಕರಣ. ಸಾಧ್ಯವಾದರೆ ಅದನ್ನು ಸಭೆಗೆ ಮುಂಚೆ, ಐದು ನಿಮಿಷ ಪಕ್ಕಕ್ಕೆ ಕರೆದು, ಕನ್ನಡದಲ್ಲೋ ಅವರಿಗೆ ಬರುವ ಭಾಷೆಯಲ್ಲೋ ಮುಗಿಸಿಕೊಳ್ಳಿ. ಸಭೆಯಲ್ಲೇ ಎತ್ತಬೇಕಾದರೆ ಪ್ರಶ್ನೆಯಾಗಿ ಎತ್ತಿ, ಆದರೆ ‘ವೈ ಡಿಡ್ ಯು’ ಎಂದು ಮಾತ್ರ ಶುರುಮಾಡಬೇಡಿ. ಅದು ವಿಚಾರಣೆಯ ದನಿ. ‘ಹೌ ವುಡ್ ದಿಸ್ ಹ್ಯಾಂಡಲ್ ರೀಫಂಡ್ಸ್?’ ಎಂಬಂಥ ಪ್ರಶ್ನೆ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ವಾದಿಸಿಯೂ ತೀರ್ಮಾನ ನಿಮ್ಮ ವಿರುದ್ಧವಾದರೆ, ಅಮೆಜಾನ್ ಕಂಪನಿ ತನ್ನ ನಾಯಕತ್ವದ ತತ್ವಗಳಲ್ಲಿ ಸೇರಿಸಿಕೊಂಡಿರುವ ‘ಡಿಸಗ್ರೀ ಅಂಡ್ ಕಮಿಟ್’ ಎಂಬ ಮಾತು ಈಗ ಬಹಳ ಕಡೆ ಬಳಕೆಯಲ್ಲಿದೆ: ನನಗೆ ಸಮ್ಮತವಿಲ್ಲ, ಆದರೂ ತೀರ್ಮಾನವಾದ ಮೇಲೆ ಪೂರ್ತಿ ಮನಸ್ಸಿನಿಂದ ಮಾಡುತ್ತೇನೆ. ‘ಐ ಸ್ಟಿಲ್ ಸೀ ಎ ರಿಸ್ಕ್ ಹಿಯರ್. ಲೆಟ್ಸ್ ನೋಟ್ ಇಟ್, ಅಂಡ್ ಐ ವಿಲ್ ಗೋ ವಿತ್ ದಿ ಟೀಮ್’ ಎಂದು ಹೇಳಿ, ಅಪಾಯವನ್ನು ಸಭೆಯ ಟಿಪ್ಪಣಿಯಲ್ಲಿ ಬರೆಸಿ. ಟೆಸ್ಟಿಂಗಿನಲ್ಲಿರುವ ನಿಮಗೆ ಆ ಬರಹದ ಬೆಲೆಯನ್ನು ನಾನು ಹೇಳಬೇಕಿಲ್ಲ.

ಕ್ಷಮೆಯ ಬಗ್ಗೆ ಕೇಳಿದ್ದೀರಿ. ಶುಕ್ರವಾರದ ರಿಲೀಸಿನ ಬಗ್ಗೆ ಆಡಿದ ಮಾತಿಗೆ ಈಗ ಕ್ಷಮೆ ಕೇಳುವುದು ಬೇಡ. ವಿಷಯದಲ್ಲಿ ನೀವು ಸರಿಯಾಗಿಯೇ ಇದ್ದಿರಿ, ತಿಂಗಳುಗಳ ನಂತರ ಅದನ್ನು ಕೆದಕಿದರೆ ಇಬ್ಬರಿಗೂ ಮುಜುಗರ. ಗಡುವಿನ ವಿಷಯಕ್ಕೆ ಮಾತ್ರ ಎರಡು ಸಾಲು ಬರೆಯಬಹುದು, ಬರೆಯಬೇಕು ಎಂದೇ ನನ್ನ ಸಲಹೆ. ಕನ್ನಡದಲ್ಲಾದರೆ ‘ಆಗುವುದಿಲ್ಲ ಎಂದು ಅಂದೇ ಹೇಳಬೇಕಿತ್ತು, ಹೇಳಲಿಲ್ಲ’ ಎನ್ನುತ್ತಿದ್ದಿರಲ್ಲ, ಅಷ್ಟನ್ನೇ ಇಂಗ್ಲಿಷಿನಲ್ಲಿ ಬರೆಯಿರಿ: ‘ವೆನ್ ಐ ಸೆಡ್ ಐ ವುಡ್ ಟ್ರೈ, ಐ ಶುಡ್ ಹ್ಯಾವ್ ಸೆಡ್ ದಿ ಡೇಟ್ ವಾಸ್ ನಾಟ್ ಪಾಸಿಬಲ್. ನೆಕ್ಸ್ಟ್ ಟೈಮ್ ಐ ವಿಲ್ ಸೇ ಸೋ ಇನ್ ದಿ ಮೀಟಿಂಗ್.’ ಕಳಿಸುವ ಮುನ್ನ ಮ್ಯಾನೇಜರಿಗೆ ಒಮ್ಮೆ ತೋರಿಸಿ.